ಬಾಡಿಗೆದಾರರ ಮಾಹಿತಿಗೆ ಪ್ರೈವೆಸಿ ಪಾಲಿಸಿ: ಬರೆಯುವ ಮೊದಲು ಬೀರು ತೆರೆಯಿರಿ

ಬಾಡಿಗೆ ಮನೆಗಳನ್ನು ನೋಡಿಕೊಳ್ಳುವವರ ಕೈಗೆ ಜನರ ಬದುಕಿನ ಎಷ್ಟೊಂದು ವಿವರ ಬಂದು ಸೇರುತ್ತದೆ ನೋಡಿ. ಸಂಬಳ ಎಷ್ಟು, ಕೆಲಸ ಎಲ್ಲಿ, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾವ ವಾರ ಮನೆಗೆ ಬೀಗ ಹಾಕಿರುತ್ತದೆ. ಇಷ್ಟೆಲ್ಲ ಹತ್ತಿರದ ನೆಂಟರಿಗೂ ಗೊತ್ತಿರುವುದಿಲ್ಲ. ಈ ವಿವರಗಳನ್ನು ಏನು ಮಾಡುತ್ತೀರಿ ಎಂದು ಬಾಡಿಗೆದಾರರಿಗೆ ತಿಳಿಸುವ ಕಾಗದವೇ ಪ್ರೈವೆಸಿ ಪಾಲಿಸಿ.

ಹೆಚ್ಚಿನವರು ಎಡವುವುದು ಶುರುವಿನಲ್ಲೇ. ಬೇರೆ ಯಾರದೋ ವೆಬ್‌ಸೈಟಿನಿಂದ ಪಾಲಿಸಿ ಕಾಪಿ ಮಾಡಿ, ಹೆಸರು ಬದಲಾಯಿಸಿ ಹಾಕಿಬಿಡುತ್ತಾರೆ. ಅದರಲ್ಲಿ ಕುಕೀಸ್ (ವೆಬ್‌ಸೈಟ್ ನೋಡುವವರ ಫೋನ್, ಕಂಪ್ಯೂಟರ್‌ನಲ್ಲಿ ಉಳಿಯುವ ಚಿಕ್ಕ ಫೈಲ್‌ಗಳು) ಬಗ್ಗೆ ಎರಡು ಪುಟ ಇರುತ್ತದೆ. ಬಾಡಿಗೆದಾರರು ಕೊಟ್ಟ ಸಂಬಳದ ಚೀಟಿ ಎಲ್ಲಿದೆ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. "ನಿಮ್ಮ ಮಾಹಿತಿಯನ್ನು ಯಾರಿಗೂ ಕೊಡುವುದಿಲ್ಲ" ಎಂದು ಬರೆದಿರುತ್ತಾರೆ, ಅದೇ ದಿನ ಪ್ಲಂಬರ್‌ಗೆ ಫೋನ್ ನಂಬರ್ ಕಳಿಸಿರುತ್ತಾರೆ. ಪಾಲಿಸಿ ಇಲ್ಲದಿರುವುದು ತಪ್ಪು. ಸುಳ್ಳು ಹೇಳುವ ಪಾಲಿಸಿ ಅದಕ್ಕಿಂತ ದೊಡ್ಡ ತಪ್ಪು.

ಮೊದಲ ಹೆಜ್ಜೆ: ಏನೇನಿದೆ, ಎಲ್ಲೆಲ್ಲಿದೆ

ಕಂಪ್ಯೂಟರ್ ಮುಂದೆ ಕೂರಬೇಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೂವರನ್ನು ಆರಿಸಿ: ಈಗ ಮನೆಯಲ್ಲಿರುವ ಒಬ್ಬರು, ಖಾಲಿ ಮಾಡಿ ಹೋದ ಒಬ್ಬರು, ಮನೆ ಕೇಳಿ ಬಂದರೂ ನೀವು ಕೊಡದೇ ಇದ್ದ ಒಬ್ಬರು. ಈ ಮೂವರ ಮಾಹಿತಿ ನಿಮ್ಮ ಕಚೇರಿಯಲ್ಲಿ ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಿ.

ಕಡತ, ಇಮೇಲ್, ಲೆಕ್ಕದ ಸಾಫ್ಟ್‌ವೇರ್ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವ ಜಾಗಗಳೇ ಬೇರೆ. ಸಿಬ್ಬಂದಿಯ ಸ್ವಂತ ಫೋನಿನ ಗ್ಯಾಲರಿಯಲ್ಲಿ ಗುರುತಿನ ಚೀಟಿಯ ಫೋಟೋ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರು ಬಾಡಿಗೆ ಕಟ್ಟಿಲ್ಲ ಎಂಬ ಪಟ್ಟಿ ಇರುತ್ತದೆ. ಗೇಟಿನ ರಿಜಿಸ್ಟರ್‌ನಲ್ಲಿ ಬಂದುಹೋದವರ ಹೆಸರು, ನಂಬರ್ ಇರುತ್ತದೆ. ಸಿಸಿಟಿವಿ ರೆಕಾರ್ಡರ್ ಇದೆ. ಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿದ್ದರೆ ಅದು ಎಷ್ಟು ಗಂಟೆಗೆ ಬಾಗಿಲು ತೆರೆಯಿತು ಎಂದು ಬರೆದಿಟ್ಟುಕೊಳ್ಳುತ್ತದೆ. ದೊಡ್ಡ ಜೆರಾಕ್ಸ್ ಮೆಷಿನ್‌ಗಳಲ್ಲಿ ಹಲವಕ್ಕೆ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ, ಪ್ರತಿ ಮಾಡಿದ ಪುಟಗಳು ಅದರಲ್ಲಿ ಉಳಿದಿರಬಹುದು. ಮೆಷಿನ್ ಮಾರುವಾಗ ಇದನ್ನು ಮರೆಯಬೇಡಿ.

ಸಿಕ್ಕಿದ್ದನ್ನೆಲ್ಲ ಐದು ಕಾಲಂನಲ್ಲಿ ಬರೆಯಿರಿ: ಏನು, ಯಾಕೆ, ಎಲ್ಲಿ, ಯಾರು ನೋಡುತ್ತಾರೆ, ಎಲ್ಲಿಯವರೆಗೆ. ಎರಡು ದಿನ ಹಿಡಿಯಲಿ, ಪರವಾಗಿಲ್ಲ. ಪಾಲಿಸಿ ಈ ಪಟ್ಟಿಯಿಂದಲೇ ಹುಟ್ಟಬೇಕು. ಪ್ರಶ್ನೆ ಕೇಳಿ ಐದು ನಿಮಿಷಕ್ಕೆ ಪಾಲಿಸಿ ತಯಾರಿಸಿಕೊಡುವ ಆನ್‌ಲೈನ್ ಸೌಲಭ್ಯಗಳನ್ನು ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಬೀರುವಿನಲ್ಲಿ ಏನಿದೆ ಎಂದು ಅವಕ್ಕೆ ಹೇಗೆ ಗೊತ್ತಾಗಬೇಕು?

ಎರಡನೇ ಹೆಜ್ಜೆ: ಬೇಡದ್ದನ್ನು ಕೇಳುವುದು ನಿಲ್ಲಿಸಿ

"ಯಾಕೆ" ಕಾಲಂ ಖಾಲಿ ಉಳಿದ ಸಾಲುಗಳನ್ನು ಹೊಡೆದುಹಾಕಿ. "ಮುಂದೆ ಬೇಕಾಗಬಹುದು" ಎಂಬುದು ಕಾರಣವಲ್ಲ.

ಯಾವಾಗ ಕೇಳುತ್ತೀರಿ ಎಂಬುದೂ ಮುಖ್ಯ. ಮನೆ ನೋಡಲು ಬರುವವರಿಂದ ಹೆಸರು, ಫೋನ್ ನಂಬರ್ ಸಾಕು. ಮನೆ ಕೊಡುವ ಮನಸ್ಸಾದ ಮೇಲೆ ಆದಾಯದ ದಾಖಲೆ ಕೇಳಿ. ಮುಂಗಡ ವಾಪಸ್ ಮಾಡಲು ಬ್ಯಾಂಕ್ ಖಾತೆಯ ನಂಬರ್ ಬೇಕು ಅಂದರೆ ಕರಾರಿಗೆ ಸಹಿ ಆದಮೇಲೆ ಕೇಳಿದರಾಯಿತು. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಲೇಬೇಕಾದರೆ ಖರ್ಚಿನ ಸಾಲುಗಳನ್ನು ಮುಚ್ಚಿ ಕೊಡಿ ಎಂದು ನೀವೇ ಹೇಳಿ. ಯಾವ ಆಸ್ಪತ್ರೆಗೆ ದುಡ್ಡು ಕಟ್ಟಿದರು ಎಂಬುದು ಮನೆ ನೋಡಿಕೊಳ್ಳುವವರಿಗೆ ಯಾಕೆ ಬೇಕು? ಗುರುತಿನ ಚೀಟಿಯನ್ನು ಇಟ್ಟುಕೊಳ್ಳಿ ಎಂದು ಕಾನೂನು ಹೇಳದಿದ್ದರೆ, ಚೀಟಿ ನೋಡಿ, "ನೋಡಿದ್ದೇವೆ" ಎಂದು ತಾರೀಕು ಬರೆದು, ವಾಪಸ್ ಕೊಡಿ.

ಇನ್ನೊಂದು ತಪ್ಪು ಕಲ್ಪನೆ ಇದೆ. ಎಲ್ಲದಕ್ಕೂ "ಒಪ್ಪಿಗೆ ಇದೆ" ಎಂದು ಸಹಿ ಹಾಕಿಸಿಕೊಂಡರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮನೆ ಬೇಕೇಬೇಕು ಅನ್ನುವವರು ಇಲ್ಲ ಎನ್ನುವುದು ಹೇಗೆ? 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಪ್ರಕಾರ ಒಪ್ಪಿಗೆ ಒತ್ತಡವಿಲ್ಲದೆ ಬಂದಿರಬೇಕು. ಕರಾರಿಗೆ ಬೇಕಾದ್ದನ್ನು "ಕರಾರಿಗೆ ಬೇಕು" ಎಂದೇ ಬರೆಯಿರಿ, ಕಾನೂನು ಕೇಳುವುದನ್ನು ಹಾಗೇ ಬರೆಯಿರಿ. ಜಾಹೀರಾತಿಗೆ ಅವರ ಫೋಟೋ ಬಳಸುವಂಥ ವಿಷಯಕ್ಕೆ ಮಾತ್ರ ಒಪ್ಪಿಗೆ ಕೇಳಿ. ಬೇಡ ಅಂದರೂ ಮನೆ ಸಿಗಬೇಕು.

ಮೂರನೇ ಹೆಜ್ಜೆ: ಎಲ್ಲಿಯವರೆಗೆ

ಅತಿ ಕಷ್ಟದ ಭಾಗ ಇದು. "ಅಗತ್ಯವಿರುವವರೆಗೆ ಇಟ್ಟುಕೊಳ್ಳುತ್ತೇವೆ" ಎಂದು ಬರೆದು ಮುಂದೆ ಹೋಗಬೇಡಿ. ಓದಿದವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಎಲ್ಲಕ್ಕೂ ಒಂದೇ ಅವಧಿ ಹಾಕಬೇಡಿ. ಲೆಕ್ಕಪತ್ರಗಳನ್ನು ತೆರಿಗೆ ಕಾನೂನು ಹೇಳಿದಷ್ಟು ವರ್ಷ ಇಡಬೇಕು. ಕರಾರನ್ನು, ಅದರ ಬಗ್ಗೆ ತಕರಾರು ತರಲು ಕಾನೂನು ಕೊಟ್ಟ ಅವಧಿ ಮುಗಿಯುವವರೆಗೆ ಇಡಿ. ಸಂಬಳದ ಚೀಟಿಯ ಕೆಲಸ ಮನೆ ಕೊಟ್ಟ ದಿನವೇ ಮುಗಿಯಿತು, ಅದನ್ನು ಇಟ್ಟುಕೊಳ್ಳುವುದು ಯಾಕೆ? ಸಿಸಿಟಿವಿ ರೆಕಾರ್ಡರ್‌ನಲ್ಲಿ ಹಳೆಯದು ತಾನಾಗಿ ಅಳಿಸಿಹೋಗುವಂತೆ ಸೆಟ್ ಮಾಡಿ. ನನ್ನ ಪ್ರಕಾರ 30 ದಿನಕ್ಕಿಂತ ಜಾಸ್ತಿ ಬೇಡ. ಮನೆ ಸಿಗದೆ ಹೋದವರ ಕಾಗದಗಳನ್ನು ಎಲ್ಲರೂ ಮರೆಯುತ್ತಾರೆ. ಅವರ ಜೊತೆ ನಿಮಗೆ ಕರಾರೇ ಇಲ್ಲ, ಹಾಗಾಗಿ ಅವು ಎಲ್ಲಕ್ಕಿಂತ ಬೇಗ ಹೋಗಬೇಕು.

ಅವಧಿ ಯಾವ ದಿನದಿಂದ ಶುರು ಎಂದೂ ಬರೆಯಿರಿ. "ಎರಡು ವರ್ಷ" ಅಂದರೆ ಸಾಲದು. ಕೀ ವಾಪಸ್ ಕೊಟ್ಟ ದಿನದಿಂದಲೋ, ಮುಂಗಡ ಚುಕ್ತಾ ಆದ ದಿನದಿಂದಲೋ? ನಾನಾದರೆ ಮುಂಗಡದ ದಿನ ಹಿಡಿಯುತ್ತೇನೆ, ಜಗಳ ಹುಟ್ಟುವುದು ಅಲ್ಲೇ.

ಅಳಿಸುವವರು ಯಾರು ಎಂದು ಹುದ್ದೆ ಗೊತ್ತುಮಾಡಿ, ಕ್ಯಾಲೆಂಡರ್‌ನಲ್ಲಿ ಜ್ಞಾಪನೆ ಹಾಕಿ. ಬ್ಯಾಕಪ್‌ನಲ್ಲಿರುವುದೂ ಹೋಗಬೇಕು. ಕಾಗದಕ್ಕೆ ಉದ್ದ ಪಟ್ಟಿ ಕತ್ತರಿಸುವ ಅಗ್ಗದ ಶ್ರೆಡರ್ ಕೊಳ್ಳಬೇಡಿ, ಆ ಪಟ್ಟಿಗಳನ್ನು ಕೂತು ಜೋಡಿಸಬಹುದು. ಅಡ್ಡಕ್ಕೂ ಉದ್ದಕ್ಕೂ ಕತ್ತರಿಸುವುದೇ ಬೇಕು. ಅಮೆರಿಕದಲ್ಲಿ, ಬಾಡಿಗೆಗೆ ಬರುವವರ ಸಾಲದ ವರದಿ ತರಿಸಿಕೊಂಡ ಮನೆ ಮಾಲೀಕರು ಅದನ್ನು ಮತ್ತೆ ಓದಲಾಗದಂತೆ ನಾಶ ಮಾಡಬೇಕೆಂಬ ನಿಯಮ 2005ರಿಂದಲೇ ಇದೆ.

ನಾಲ್ಕನೇ ಹೆಜ್ಜೆ: ಯಾರ ಜೊತೆ ಹಂಚಿಕೊಳ್ಳುತ್ತೀರಿ

ಮನೆ ಮಾಲೀಕರು, ರಿಪೇರಿಯವರು, ಸಾಫ್ಟ್‌ವೇರ್ ಕಂಪನಿ, ಲೆಕ್ಕ ನೋಡುವವರು, ಹೀಗೆ ಬಿಡಿಸಿ ಬರೆಯಿರಿ. ರಿಪೇರಿಯವರಿಗೆ ಮನೆ ನಂಬರ್, ಹೆಸರು, ಫೋನ್, ಬರುವ ಹೊತ್ತು ಸಾಕು. ಇಡೀ ಕಡತವನ್ನು ಸುಮ್ನೆ ಮಾಲೀಕರಿಗೆ ಫಾರ್ವರ್ಡ್ ಮಾಡುವ ಅಭ್ಯಾಸವೂ ಬಿಡಬೇಕು. ಪೊಲೀಸರು ಕೇಳಿದರೆ ಲಿಖಿತವಾಗಿ ಕೇಳಲು ಹೇಳಿ, ಕೇಳಿದಷ್ಟೇ ಕೊಡಿ.

ಐದನೇ ಹೆಜ್ಜೆ: ಬಾಡಿಗೆದಾರರು ಕೇಳಿದರೆ, ಮಾಹಿತಿ ಸೋರಿದರೆ

ತಮ್ಮ ಮಾಹಿತಿ ನೋಡಲು, ತಪ್ಪು ತಿದ್ದಿಸಲು, ಅಳಿಸಲು ಯಾರಿಗೆ ಬರೆಯಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಎಂದು ಹೇಳಿ. ಜಿಡಿಪಿಆರ್‌ನಲ್ಲಿ ಸಾಮಾನ್ಯವಾಗಿ ಒಂದು ತಿಂಗಳು. ಕೇಳಿದವರು ಅವರೇ ಹೌದೋ ಅಲ್ಲವೋ ಎಂದು ತಿಳಿಯಲು ಮತ್ತೊಂದು ಗುರುತಿನ ಚೀಟಿ ತರಿಸಬೇಡಿ, ನಿಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ.

ಸೋರಿಕೆಯಾದರೆ ಜಿಡಿಪಿಆರ್ ಅಡಿಯಲ್ಲಿ, ಜನರಿಗೆ ಅಪಾಯವಾಗುವಂತಿದ್ದರೆ, ಗೊತ್ತಾದ 72 ಗಂಟೆಯೊಳಗೆ ಮೇಲ್ವಿಚಾರಣಾ ಸಂಸ್ಥೆಗೆ ತಿಳಿಸಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಅದರಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಿ, ತೊಂದರೆಗೆ ಸಿಕ್ಕ ಪ್ರತಿಯೊಬ್ಬರಿಗೂ ತಿಳಿಸಿ ಎನ್ನುತ್ತದೆ. ಸರಿಯಾದ ಭದ್ರತೆ ಇಟ್ಟುಕೊಳ್ಳದಿದ್ದರೆ ಅದರಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಫೋನ್ ಕಳೆದುಹೋದರೂ ಅದು ಸೋರಿಕೆಯೇ ಆಗಬಹುದು. ಸಿಬ್ಬಂದಿಗೆ ಇದನ್ನು ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಹೆದರಿ ಮುಚ್ಚಿಡುತ್ತಾರೆ.

ಕೊನೆಗೆ, ಬರೆಯುವುದು

ಪಟ್ಟಿ ಸರಿಯಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ. ಎರಡು ಪುಟ ದಾಟಿಸಬೇಡಿ. "ನಾವು", "ನೀವು" ಎಂದೇ ಬರೆಯಿರಿ. ಬಾಡಿಗೆದಾರರಿಗೆ ಬರುವ ಭಾಷೆಯಲ್ಲಿರಲಿ. ಭಾರತದ ಕಾಯ್ದೆಯಲ್ಲಂತೂ ಈ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು, ಅಂದರೆ ಕನ್ನಡದಲ್ಲೂ.

ಬರೆದದ್ದನ್ನು ವಕೀಲರಿಗೆ ತೋರಿಸುವ ಮೊದಲು ಒಬ್ಬ ಬಾಡಿಗೆದಾರರಿಗೆ ಕೊಟ್ಟು ಓದಿಸಿ. "ನನ್ನ ಸಂಬಳದ ಚೀಟಿ ಈಗ ಎಲ್ಲಿದೆ?" ಎಂಬುದಕ್ಕೆ ಅವರಿಗೆ ಅದರಲ್ಲೇ ಉತ್ತರ ಸಿಕ್ಕಬೇಕು. ಸಿಗದಿದ್ದರೆ ತಿದ್ದಿ. ಮೇಲೆ ತಾರೀಕು ಹಾಕಿ, ಅರ್ಜಿ ಫಾರಂ ತುಂಬುವ ಮುಂಚೆಯೇ ಕೈಗೆ ಕೊಡಿ. ಮುಂದೆ ಹೊಸ ಕ್ಯಾಮೆರಾ ಹಾಕಿದರೂ ಸಾಫ್ಟ್‌ವೇರ್ ಬದಲಾಯಿಸಿದರೂ ಮೊದಲು ನೋಟ್‌ಬುಕ್ಕಿನ ಪಟ್ಟಿಗೆ ಸೇರಿಸಿ, ಆಮೇಲೆ ಪಾಲಿಸಿ ತಿದ್ದಿ, ತಿದ್ದಿದ ಸಾಲನ್ನು ಎಲ್ಲ ಬಾಡಿಗೆದಾರರಿಗೂ ಕಳಿಸಿ.