ಮಳೆ ಲೆಕ್ಕಕ್ಕೆ ಬೂಷ್ಟು ಹಿಡಿದಾಗ

ಹಳೆ ಕಂಪ್ಯೂಟರಿನಲ್ಲಿ ಫೈಲು ಉಳಿಸಿಡುತ್ತಿದ್ದ ಫ್ಲಾಪಿಯನ್ನು ಶಾಂಪೂ ಹಾಕಿ ತೊಳೆದವರು ಇಲ್ಲಿ ಯಾರಾದರೂ ಇದ್ದೀರಾ? ನಾನು ತೊಳೆದಿದ್ದೇನೆ. 1991ರ ಕಕ್ಕಡ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ, ಜೀಪಿನ ಬ್ಯಾಟರಿಗೆ ಹಾಕುವ ನೀರಿನಲ್ಲಿ.

ನಾನು ಮೊದಲು ಕಂಪ್ಯೂಟರ್ ಮುಟ್ಟಿದ್ದು ಶಾಲೆಯಲ್ಲಿ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನುವ ಯೋಜನೆ ಶುರು ಮಾಡಿ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಅನ್ನುವ ಕಂಪ್ಯೂಟರ್ ಕೊಟ್ಟಿತ್ತಲ್ಲ, ಅದು. 32 ಕೆಬಿ ಮೆಮೊರಿ. ಸ್ವಿಚ್ ಹಾಕಿದರೆ ಮೊದಲು ಒಂದು ದಪ್ಪ ದನಿ, ಹಿಂದೆಯೇ ಒಂದು ಸಣ್ಣ ಬೀಪ್. ಒದ್ದೆ ಸಾಕ್ಸ್ ಹೊರಗೆ ಬಿಟ್ಟು ಸಾಲಾಗಿ ಒಳಗೆ ಹೋಗಬೇಕಿತ್ತು. ಒಬ್ಬೊಬ್ಬರಿಗೆ ಐದು ನಿಮಿಷ. ಎರಡು ಸಾಲಿನ ಬೇಸಿಕ್ ಪ್ರೋಗ್ರಾಂ ಬರೆದು ನಮ್ಮ ಹೆಸರು ಪರದೆ ತುಂಬ ಓಡುವುದನ್ನು ನೋಡಿ ವಾಪಸ್ ಬರುತ್ತಿದ್ದೆವು, ಅಷ್ಟೇ.

ಪಿಯುಸಿ ಆದ ಮೇಲೆ ಮೈಸೂರಿನಲ್ಲಿ ಆರು ತಿಂಗಳು ಕೋರ್ಸ್ ಮಾಡಿದೆ. ನಮ್ಮಪ್ಪ ಅದೇ ತೋಟದಲ್ಲಿ ರೈಟರ್ ಆಗಿದ್ದರು. ಸಾಹುಕಾರ್ರು ಕೂಲಿಯವರ ಹಾಜರಿ ಬರೆಯುವ ಚೆಕ್‌ರೋಲ್‌ಗೆ ಅಂತ ಒಂದು ಪಿಸಿ ತರಿಸಿದ್ದರಿಂದ ನನ್ನನ್ನೂ ಒಳಗೆ ಹಾಕಿಕೊಂಡರು. ಎಕ್ಸ್‌ಟಿ ಮಾದರಿ, 640 ಕೆಬಿ, ಹಾರ್ಡ್ ಡಿಸ್ಕ್ ಇಲ್ಲ, ಎರಡು ಫ್ಲಾಪಿ ಡ್ರೈವ್. ಎ ಡ್ರೈವಿಗೆ ಕಂಪ್ಯೂಟರ್ ನಡೆಸುವ ಡಾಸ್ ಹಾಕಿ ಎಬ್ಬಿಸಬೇಕು, ಅದನ್ನು ತೆಗೆದು ಸಾಲು, ಕಾಲಂಗಳಲ್ಲಿ ಲೆಕ್ಕ ಮಾಡುವ ಲೋಟಸ್ 1-2-3 ಹಾಕಬೇಕು, ಬಿ ಡ್ರೈವಿನಲ್ಲಿ ನಮ್ಮ ಲೆಕ್ಕದ ಫ್ಲಾಪಿ. ಲೋಟಸ್ ಅಸಲಿಯೋ ನಕಲಿಯೋ ಆಗ ಯಾರೂ ಕೇಳುತ್ತಿರಲಿಲ್ಲ.

ಕೂಲಿ ಲೆಕ್ಕ, ಎಲ್ಲರ ಕಾಫಿಯನ್ನು ಒಟ್ಟಿಗೆ ಮಾರಿ ಕಾಫಿ ಬೋರ್ಡು ಕಂತು ಕಂತಾಗಿ ಕೊಡುತ್ತಿದ್ದ ಪೂಲ್ ಹಣದ ಲೆಕ್ಕ ಎಲ್ಲ ಎರಡು ತಿಂಗಳಲ್ಲಿ ಹದಕ್ಕೆ ಬಂತು. ಆಗ ಸಾಹುಕಾರ್ರು ಒಂದು ದಪ್ಪ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟು, "ಇದನ್ನೂ ಹಾಕೋಕೆ ಆಗ್ತದಾ ನೋಡು" ಅಂದರು. 1961ರಿಂದ ಪ್ರತಿ ದಿನ ಬೆಳಿಗ್ಗೆ ಅಳೆದ ಮಳೆ! ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಇಲ್ಲಿ ತೋಟದವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಸುಮಾರು ಒಂದು ಇಂಚು ಬಿದ್ದರೆ ಹತ್ತು ದಿನದೊಳಗೆ ರೊಬಸ್ಟಾ ಬೆಳ್ಳಗೆ ಅರಳುತ್ತದೆ. ಆಮೇಲೆ ಹದ ನೋಡಿ ಇನ್ನೊಂದು ಮಳೆ, ಬ್ಯಾಕಿಂಗ್, ಬರಲಿಲ್ಲ ಅಂದರೆ ಫಸಲು ಹೋದಂತೆಯೇ. ಹಾಗಾಗಿ ಇಬ್ಬರು ತೋಟದವರು ಎದುರಾದರೆ "ಚೆನ್ನಾಗಿದ್ದೀರಾ" ಅನ್ನುವ ಮುಂಚೆ "ನಿಮ್ಮಲ್ಲಿ ಎಷ್ಟು ಸೆಂಟ್" ಅನ್ನುತ್ತಾರೆ.

ಮೊದಲ ದಿನವೇ ಎಡವಿದೆ. ದಿನಕ್ಕೊಂದು ಸಾಲು ಅಂತ ಮೇಲಿಂದ ಕೆಳಗೆ ಹಾಕುತ್ತಾ ಹೋದೆ. ಆಮೇಲೆ ಲೆಕ್ಕ ಹಾಕಿದರೆ 30 ವರ್ಷಕ್ಕೆ ಹನ್ನೊಂದು ಸಾವಿರದ ಹತ್ತಿರ ಸಾಲು ಬೇಕು. ಲೋಟಸ್‌ನಲ್ಲಿ ಇರುವುದೇ 8192. ಅಳಿಸಿ ಮತ್ತೆ ಶುರು ಮಾಡಿದೆ. ಎ ಕಾಲಂನಲ್ಲಿ ತಾರೀಖು, 366 ಸಾಲು. ಬಿ ಕಾಲಂ 1961, ಸಿ ಕಾಲಂ 1962, ಹೀಗೆ ವರ್ಷಕ್ಕೊಂದು ಕಾಲಂ. ಮಳೆ ಇಲ್ಲದ ದಿನಕ್ಕೆ ಸೊನ್ನೆ ಕೂಡ ಹಾಕಲಿಲ್ಲ, ಖಾಲಿ ಬಿಟ್ಟೆ, ಮೆಮೊರಿ ಉಳಿಯುತ್ತದಲ್ವಾ. ಒಂದೊಂದು ತಿಂಗಳು ಮುಗಿದ ತಕ್ಷಣ ಫ್ಲಾಪಿಗೆ ಉಳಿಸುತ್ತಿದ್ದೆ: ಸ್ಲ್ಯಾಷ್, ಎಫ್, ಎಸ್, ಎಂಟರ್, ಆರ್. ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಬೆರಳು ಆ ಐದು ಕೀ ಒತ್ತುತ್ತದೆ. ಯಾಕೆಂದರೆ ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿತ್ತು ಅಂದರೆ ಮುಗಿಯಿತು.

ಮೇ ಕೊನೆಗೆ ಪೂರ್ತಿ 30 ವರ್ಷ ಒಳಗೆ ಹೋಯಿತು. ಮಾರ್ಚ್ ತಿಂಗಳ ಮಳೆಯ ಗ್ರಾಫ್ ತೆಗೆದು ಸಾಹುಕಾರ್ರನ್ನು ಕರೆದೆ. ಹಳದಿ ಪರದೆ ಮೇಲೆ ಒಂದರ ಪಕ್ಕ ಒಂದು ಕಂಬ ಎದ್ದು ನಿಂತವು. ಅವರು ಕನ್ನಡಕ ಹಾಕಿಕೊಂಡು ಗಿಡ್ಡ ಕಂಬಗಳನ್ನೇ ಬೆರಳಲ್ಲಿ ಮುಟ್ಟುತ್ತಾ ಹೋದರು. ಬೆಳೆ ಕೈಕೊಟ್ಟ ವರ್ಷಗಳು ಅವರಿಗೆ ಬಾಯಿಪಾಠ.

ಜೂನ್ ಬಂತು, ಮಳೆ ಹಿಡಿಯಿತು. ಚೆಕ್‌ರೋಲ್ ಫ್ಲಾಪಿಗೆ ವಾರ ವಾರ ಕೆಲಸ ಇತ್ತು. ಮಳೆ ಲೆಕ್ಕದ ಫ್ಲಾಪಿ ಮತ್ತು ಅದರ ಕಾಪಿ, ಎರಡನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕಿಟಕಿ ಪಕ್ಕದ ಶೆಲ್ಫಿನಲ್ಲಿ ಮರೆತೆ. ಜುಲೈ ಕೊನೆಗೆ, ಬೊಳಿಬಾಣೆಯಲ್ಲಿ ರಸ್ತೆ ಮೇಲೆ ನೀರು ಬಂದು ಮೂರ್ನಾಡು ಕಡೆಗೆ ಬಸ್ಸಿಲ್ಲದ ಒಂದು ದಿನ, ಸುಮ್ನೆ ನೋಡೋಣ ಅಂತ ಹಾಕಿದೆ. ಡ್ರೈವ್ ಕರಕರ ಅಂತು. ಅಬಾರ್ಟ್, ರಿಟ್ರೈ, ಫೇಲ್? ಅಂತ ಪರದೆ ಕೇಳಿತು. ಹತ್ತು ಸಲ ಆರ್ ಒತ್ತಿದೆ. ಇದು ಹೋಯಿತು ಅಂತ ಕಾಪಿ ಹಾಕಿದೆ. ಅದೂ ಕರಕರ. ಡಾಸ್ ಫ್ಲಾಪಿಯದೇ ತೊಂದರೆ ಇರಬಹುದಾ ಅಂತ ಅದನ್ನೂ ಅದೇ ಡ್ರೈವಿಗೆ ಹಾಕಿದೆ ನೋಡಿ, ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಬೂಷ್ಟು ಫ್ಲಾಪಿ ಓದುವ ಹೆಡ್‌ಗೆ ಅಂಟಿಕೊಂಡಿತ್ತು, ಹಾಕಿದ್ದನ್ನೆಲ್ಲ ಗೀರುತ್ತಿತ್ತು.

ಫ್ಲಾಪಿಯನ್ನು ಟಾರ್ಚ್ ಬೆಳಕಿಗೆ ಹಿಡಿದು ನಡುವಿನ ತೂತಿಗೆ ಬೆರಳಿಟ್ಟು ತಿರುಗಿಸಿದೆ. ಉದ್ದ ಕಿಂಡಿಯಲ್ಲಿ ಕಂದು ತಟ್ಟೆಯ ಮೇಲೆ ಬಿಳಿ ಚುಕ್ಕೆಗಳು, ಹಳೆ ಬೆಲ್ಟಿನ ಮೇಲೆ ಬರುತ್ತದಲ್ಲ, ಅದೇ.

ಇನ್ನು ಕಳೆದುಕೊಳ್ಳಲು ಏನಿದೆ ಅಂತ ಬ್ಲೇಡ್ ತಗೊಂಡೆ. ಕವರಿನ ಮೇಲಂಚನ್ನು ಕೊಯ್ದು ಒಳಗಿನ ತಟ್ಟೆಯನ್ನು ನಡುವಿನ ತೂತಿನಲ್ಲೇ ಹಿಡಿದು ಎಳೆದೆ. ಬಟ್ಟಲಲ್ಲಿ ಬ್ಯಾಟರಿ ನೀರು, ಒಂದೇ ತೊಟ್ಟು ಶಾಂಪೂ. ಅಪ್ಪನ ಹಳೆ ಪಂಚೆಯ ತುಂಡಿನಿಂದ, ಒತ್ತದೆ, ಸುತ್ತಲೂ ಒರೆಸಿದೆ. ಆಮೇಲೆ ಬರೀ ನೀರಲ್ಲಿ ಅದ್ದಿದೆ. ಒಲೆ ಮೇಲೆ ಒಣಗಿಸುವಂತಿಲ್ಲ, ಸೊಟ್ಟಗಾಗುತ್ತದೆ. ಸಾಹುಕಾರ್ರ ಅಲಮಾರದಲ್ಲಿ ಕೋವಿ ಲೈಸೆನ್ಸು, ಜಮ್ಮಾ ಜಮೀನಿನ ಪತ್ರಗಳಿಗೆ ಬೂಷ್ಟು ಬಾರದಿರಲಿ ಅಂತ ಮಳೆಗಾಲವಿಡೀ ಒಂದು ಬಲ್ಬ್ ಉರಿಯುತ್ತಿತ್ತು. ಅಲ್ಲೇ ದಾರಕ್ಕೆ ಪೋಣಿಸಿ ಒಂದು ರಾತ್ರಿ ತೂಗುಹಾಕಿದೆ. ಬೆಳಿಗ್ಗೆ ಒಂದು ಹೊಸ ಫ್ಲಾಪಿಯ ಹೊಟ್ಟೆ ಕೊಯ್ದು, ಅದರ ತಟ್ಟೆ ತೆಗೆದೆಸೆದು, ಆ ಕವರಿಗೆ ಇದನ್ನು ತೂರಿಸಿದೆ. ಡ್ರೈವಿನ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದೆ, ಹತ್ತಿ ಕಾಫಿ ಬಣ್ಣಕ್ಕೆ ಬಂತು.

ಅಸಲು ಫ್ಲಾಪಿ ತೊಳೆದರೂ ಓದಲೇ ಇಲ್ಲ. ಹಾಗೇ ತೊಳೆದ ಕಾಪಿ ಓದಿತು! ಆದರೆ ಅದು ಮೇ ಮೊದಲ ವಾರದ ಕಾಪಿ, 1983ರ ತನಕ ಮಾತ್ರ ಇತ್ತು.

ಉಳಿದ ಏಳು ವರ್ಷ ಮತ್ತೆ ಕೂಡಿಸಬೇಕಾಯಿತು. ಈ ಸಲ ಸಾಹುಕಾರ್ರೇ ಪಕ್ಕದಲ್ಲಿ ಕೂತು ರಿಜಿಸ್ಟರ್ ಓದಿದರು, ನಾನು ಹೊಡೆದೆ. ಒಬ್ಬನೇ ಮಾಡಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. "ಮೂರು ಇಂಚು ನಲವತ್ತು ಸೆಂಟ್" ಅಂದವರು ಅಲ್ಲಿಗೇ ನಿಂತು, ಆ ರಾತ್ರಿ ಕೂಲಿಯವರ ಲೈನ್ ಮನೆಯ ಗೋಡೆ ಕುಸಿದದ್ದು, ಎಮ್ಮೆ ಹೊಳೆಗೆ ಹೋದದ್ದು ಶುರು ಮಾಡುತ್ತಿದ್ದರು. ಪರದೆಯ ಮೂಲೆಯಲ್ಲಿ ‘ರೆಡಿ’ ಅಂತ ಕಾಯುತ್ತಿತ್ತು.

ಆಮೇಲೆ ಎರಡು ಕಾಪಿ ಎರಡು ಕಡೆ ಇಟ್ಟೆ. ಒಂದು ಅಲಮಾರದ ಬಲ್ಬಿನ ಹತ್ತಿರ, ಇನ್ನೊಂದು ನಮ್ಮ ಮನೆಯ ಅಕ್ಕಿ ಡಬ್ಬಿಯಲ್ಲಿ. ಅಮ್ಮ ತಿಂಗಳುಗಟ್ಟಲೆ ಬೈದಳು. ಆ ಫೈಲು ಸಣ್ಣ ಫ್ಲಾಪಿಗೆ, ಸಿಡಿಗೆ, ಪೆನ್‌ಡ್ರೈವಿಗೆ ಬಂದು ಈಗಲೂ ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತದೆ. ಲೋಟಸ್‌ನಲ್ಲಿ 256 ಕಾಲಂ ಇತ್ತು. ವರ್ಷಕ್ಕೊಂದರಂತೆ ತುಂಬಿದರೆ 2215ರ ತನಕ ಜಾಗ ಇದೆ ಅಂತ ಒಮ್ಮೆ ಸಾಹುಕಾರ್ರಿಗೆ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅದಿರಲಿ, ಇವತ್ತಿನದು ಹಾಕಿದ್ಯಾ?" ಅಂದರು.