ತರಬೇತಿಗೆ ಹೆಸರು ಕೊಡುವ ಮುನ್ನ

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸಮಾಜ ಕಾರ್ಯಕರ್ತನಾಗಿ ಸೇರಿದ ಮೊದಲ ಐದು ವರ್ಷಗಳಲ್ಲಿ ನಾನು ಹದಿನೇಳು ಪ್ರಮಾಣಪತ್ರಗಳನ್ನು ಕೂಡಿಹಾಕಿದ್ದೆ. ಅವುಗಳಲ್ಲಿ ಕೆಲಸಕ್ಕೆ ಬಂದವು ಎರಡೋ ಮೂರೋ. ಅಂಗವಿಕಲರ ಪುನರ್ವಸತಿ ಕ್ಷೇತ್ರದ ವೃತ್ತಿಪರರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರುವವರು ಅದರ ನವೀಕರಣಕ್ಕಾಗಿ ಮುಂದುವರಿದ ಶಿಕ್ಷಣದ ಅಂಕಗಳನ್ನು ತೋರಿಸಬೇಕಾಗುತ್ತದೆ, ಬರೀ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ ಬಂದ ನನಗೆ ಅಂಥ ಕಡ್ಡಾಯವೇನೂ ಇರಲಿಲ್ಲ. ಹಾಗಾಗಿ ಯಾವುದನ್ನು ಕಲಿಯಬೇಕು ಎಂಬ ಹೊಣೆ ಪೂರ್ತಿ ನನ್ನದೇ ಆಗಿದ್ದರೂ, ಶುಲ್ಕ ಕಡಿಮೆಯಿದ್ದ ಕಡೆಗೆ, ಗೆಳೆಯರು ಹೊರಟ ಕಡೆಗೆ ನಾನೂ ಹೊರಡುತ್ತಿದ್ದೆ.

ನನ್ನ ಕಣ್ಣು ತೆರೆಸಿದವರು ಕುಡಿತ ಬಿಡಿಸಲೆಂದು ಗಂಡನನ್ನು ಕರೆತಂದಿದ್ದ ಒಬ್ಬ ಹೆಣ್ಣುಮಗಳು. ಎರಡು ದಿನಗಳ ಆಪ್ತಸಮಾಲೋಚನೆ ಶಿಬಿರವೊಂದಕ್ಕೆ ಕೈಯಿಂದ ಆರು ಸಾವಿರ ರೂಪಾಯಿ ಕೊಟ್ಟು, ಸ್ಲೈಡುಗಳನ್ನು ನೋಡಿ, ಗುಂಪು ಫೋಟೊ ತೆಗೆಸಿಕೊಂಡು ಬಂದ ಉಮೇದಿನಲ್ಲಿ ನಾನು ಆತನಿಗೆ ಮುಕ್ಕಾಲು ಗಂಟೆ ಉಪದೇಶ ಮಾಡಿದೆ. ಆತ ಎಲ್ಲದಕ್ಕೂ "ಆಯ್ತು ಸಾರ್, ಬಿಡ್ತೀನಿ ಸಾರ್" ಎಂದ. ಮುಂದಿನ ವಾರ ಆಕೆ ಒಬ್ಬರೇ ಬಂದು, "ಇಲ್ಲಿ ಹೂಂ ಅಂತಾರೆ ಸಾರ್, ಮನೆಗೆ ಬಂದ ಮೇಲೆ ನಿಮ್ಮನ್ನೂ ಸೇರಿಸಿ ಬೈತಾರೆ" ಎಂದು ಹೇಳಿದರು.

ಆ ಸಂಜೆ ನನ್ನ ಕೇಸು ಪುಸ್ತಕವನ್ನು ತೆರೆದು, ಹಿಂದಿನ ಆರು ತಿಂಗಳಲ್ಲಿ ನನಗೆ ದಾರಿ ತೋಚದೆ ನಿಂತುಹೋದ ಕೇಸುಗಳ ಪಕ್ಕದಲ್ಲಿ ಕೆಂಪು ಗುರುತು ಹಾಕುತ್ತ ಹೋದೆ. ಕುಡಿತದ ಕೇಸುಗಳೇ ಹನ್ನೊಂದಿದ್ದವು. ಆತ್ಮಹತ್ಯೆಗೆ ಯತ್ನಿಸಿ ದಾಖಲಾದವರ ವಿಷಯದಲ್ಲಿ ಕಾನೂನಿನ ಗೊಂದಲ ಉಂಟಾದವು ಐದು. ಅಲ್ಲಿಯವರೆಗೆ ನಾನು ಹೋಗಿದ್ದ ಶಿಬಿರಗಳಲ್ಲಿ ವ್ಯಕ್ತಿತ್ವ ವಿಕಸನದವೇ ನಾಲ್ಕು ಎಂಬುದನ್ನು ಈಗ ನೆನೆದರೆ ನಗು ಬರುತ್ತದೆ. ಅಂದಿನಿಂದ ಇಂದಿನವರೆಗೆ ಕೆಂಪು ಗುರುತುಗಳಿಗೆ ಸಂಬಂಧವಿಲ್ಲದ ಯಾವ ಕೋರ್ಸಿಗೂ ನಾನು ಹೆಸರು ಕೊಟ್ಟಿಲ್ಲ.

ವಿಷಯ ಗೊತ್ತಾದ ಮೇಲೂ ಆಯ್ಕೆ ಸುಲಭವಾಗಲಿಲ್ಲ. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಆನಂತರ ಸ್ಟೀಫನ್ ರೋಲ್ನಿಕ್ ಅವರೊಡನೆ ಬೆಳೆಸಿದ ಪ್ರೇರಣಾತ್ಮಕ ಸಂದರ್ಶನ ಪದ್ಧತಿಯನ್ನು (ಉಪದೇಶ ಮಾಡದೆ, ಬದಲಾಗಬೇಕೆಂಬ ಮಾತು ಎದುರಿನವರ ಬಾಯಿಂದಲೇ ಬರುವಂತೆ ಮಾತನಾಡಿಸುವ ರೀತಿ) ಕಲಿಯಬೇಕೆಂದುಕೊಂಡಾಗ ಎರಡು ಕೋರ್ಸುಗಳು ಕಣ್ಣಿಗೆ ಬಿದ್ದವು. ಹಣ ಕಟ್ಟುವ ಮೊದಲು ಎರಡೂ ಕಡೆಗೆ ಫೋನ್ ಮಾಡಿ, ನಾನು ಮಾತನಾಡುವುದನ್ನು ಯಾರಾದರೂ ಕೇಳಿ ತಿದ್ದುತ್ತಾರೆಯೇ ಎಂಬ ಒಂದೇ ಪ್ರಶ್ನೆ ಕೇಳಿದೆ. ಒಂದು ಕಡೆಯವರು ಪ್ರಮಾಣಪತ್ರಕ್ಕೆ ಯಾರ ಸಹಿ ಇರುತ್ತದೆ ಎಂಬುದನ್ನು ವಿವರಿಸಿದರು. ಇನ್ನೊಂದು ಕಡೆಯವರು ಆರು ವಾರ, ವಾರಕ್ಕೊಂದು ತರಗತಿ, ಪ್ರತಿಯೊಬ್ಬರೂ ಅಭಿನಯದ ಸಂಭಾಷಣೆಯೊಂದನ್ನು ಧ್ವನಿಮುದ್ರಿಸಿ ಕಳುಹಿಸಬೇಕು ಎಂದರು. ನಾನು ಎರಡನೆಯದನ್ನು ಆರಿಸಿಕೊಂಡೆ. ನನ್ನ ಧ್ವನಿಯನ್ನು ನಾನೇ ಕೇಳಿದಾಗ, ಹತ್ತು ನಿಮಿಷಗಳ ಮಾತಿನಲ್ಲಿ ಎದುರಿನವರ ಪಾಲು ಎರಡು ನಿಮಿಷವೂ ಇರಲಿಲ್ಲ ಎಂಬುದು ತಿಳಿದು ನಾಚಿಕೆಯಾಯಿತು. ಕುಡಿತದ ಅಪಾಯವನ್ನು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ (AUDIT) ಪ್ರಶ್ನಾವಳಿಯನ್ನು ನಾನು ಅದಕ್ಕೂ ಮೊದಲೇ ಬಳಸುತ್ತಿದ್ದೆ. ಆದರೆ ಕುಡಿತ ಅಪಾಯಕಾರಿ ಮಟ್ಟದಲ್ಲಿದೆ ಎಂದು ಸೂಚಿಸುವ ಎಂಟು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರೊಡನೆ ಆಮೇಲೆ ಮಾತನ್ನು ಹೇಗೆ ಮುಂದುವರಿಸಬೇಕು ಎಂಬುದು ತಿಳಿದದ್ದು ಆ ಕೋರ್ಸಿನಲ್ಲಿಯೇ.

ಕಾನೂನಿನ ತರಬೇತಿಗಳನ್ನು ಅಳೆಯಲು ನನ್ನ ಬಳಿ ಬೇರೊಂದು ಅಳತೆಗೋಲಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು ಅದರ 115ನೆಯ ಸೆಕ್ಷನ್ ಹೇಳುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಸೆಕ್ಷನ್ನೇ ಉಳಿದಿಲ್ಲ. ಆದ್ದರಿಂದ ಪಠ್ಯದ ಮಾದರಿ ಪುಟಗಳನ್ನು ಮೊದಲೇ ತರಿಸಿಕೊಂಡು ನೋಡುತ್ತೇನೆ. ಅಲ್ಲಿ ಇಂದಿಗೂ 309 ಜೀವಂತವಾಗಿದ್ದರೆ, ಆ ಸ್ಲೈಡುಗಳನ್ನು ವರ್ಷಗಳಿಂದ ಯಾರೂ ತೆರೆದು ನೋಡಿಲ್ಲವೆಂದೇ ಅರ್ಥ.

ಶುಲ್ಕದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ (SWAYAM) ಎಂಬ ಆನ್‌ಲೈನ್ ಕಲಿಕೆಯ ಜಾಲತಾಣದ ಪಾಠಗಳನ್ನು ಹಣ ಕೊಡದೆಯೇ ಕೇಳಬಹುದು, ಪ್ರಮಾಣಪತ್ರ ಬೇಕಿದ್ದವರು ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಿದರಾಯಿತು; ಓದಿ ತಿಳಿಯುವ ವಿಷಯಗಳಿಗೆ ನನಗೆ ಅಷ್ಟು ಸಾಕು. ಮಾತನಾಡಿ ಕಲಿಯಬೇಕಾದ ವಿಷಯಕ್ಕೆ ಮಾತ್ರ ಹಣವನ್ನೂ ರಜೆಯನ್ನೂ ಎತ್ತಿಡುತ್ತೇನೆ.

ಈ ವರ್ಷ ಪುಸ್ತಕದಲ್ಲಿ ಕೆಂಪು ಗುರುತು ಹೆಚ್ಚಿರುವುದು ಮರೆಗುಳಿ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಸೊಸೆಯಂದಿರ ಕೇಸುಗಳಲ್ಲಿ. ನನಗೆ ಬೇಕಾದಂಥ ಕೋರ್ಸು ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅಕ್ಕಪಕ್ಕದ ತಾಲ್ಲೂಕುಗಳ ನಾವು ಮೂವರು ತಲಾ ಒಂದು ಕೇಸು ಹಿಡಿದುಕೊಂಡು ಸೇರುತ್ತಿದ್ದೇವೆ. ಪ್ರಮಾಣಪತ್ರವಿಲ್ಲದ ಕಲಿಕೆಗೆ ಕಚೇರಿ ರಜೆ ಕೊಡುವುದಿಲ್ಲವಾದ್ದರಿಂದ ಎರಡನೇ ಶನಿವಾರವನ್ನು ಅದಕ್ಕೆ ಇಟ್ಟುಕೊಂಡಿದ್ದೇವೆ.