ತಾಷ್ಕೆಂಟ್‌ನಲ್ಲಿ ಓಶ್ ತಿನ್ನಬೇಕಾ? ಹನ್ನೆರಡಕ್ಕೇ ಹೋಗಿ

ಉಜ್ಬೇಕಿಸ್ತಾನದ ಈ ರಾಜಧಾನಿಗೆ ಹೊಸದಾಗಿ ಬಂದ ನಮ್ಮವರೆಲ್ಲ ಹೇಳುವ ಮೊದಲ ದೂರು ಒಂದೇ. "ರಾತ್ರಿ ಎಂಟಕ್ಕೆ ಹೋಗಿ ಓಶ್ ಕೇಳಿದ್ವಿ, ಮುಗಿದಿದೆ ಅಂದ್ರು." ಮುಗಿಯದೆ ಇನ್ನೇನು? ಓಶ್, ಅಂದರೆ ಹೊರಗಿನವರು ಪ್ಲೋವ್ ಅಂತ ಕರೆಯುವ ಅನ್ನ, ಇಲ್ಲಿ ಮಧ್ಯಾಹ್ನದ ಊಟ. ಬೆಳಗ್ಗೆಯೇ ಒಲೆ ಹಚ್ಚಿ, ನಮ್ಮ ಮದುವೆ ಮನೆ ಕೊಪ್ಪರಿಗೆಯಂಥ ಬಾಣಲೆಯಲ್ಲಿ ಮಾಡಿಡುತ್ತಾರೆ. ಖಾಲಿಯಾದರೆ ಆಯ್ತು, ಮತ್ತೆ ನಾಳೆಯೇ. ಒಳ್ಳೆಯ ಜಾಗಗಳಲ್ಲಿ ಎರಡು ಗಂಟೆಗೆಲ್ಲ ತಳ ಕಾಣುತ್ತದೆ. ರಾತ್ರಿಯೂ ಕೊಡುವ ಹೋಟೆಲ್‌ಗಳಿವೆ, ಆದರೆ ಅದು ಮಧ್ಯಾಹ್ನದ್ದನ್ನೇ ಬಿಸಿ ಮಾಡಿದ್ದು ಅಂತ ನನ್ನ ಗುಮಾನಿ.

ಮೊದಲ ಸಲ ಟಿವಿ ಟವರ್ ಹತ್ತಿರದ ಬೆಶ್ ಕೋಜೋನ್ ಹೋಟೆಲ್‌ಗೆ ಹೋಗಿ. ಉಜ್ಬೆಕ್ ಭಾಷೆಯಲ್ಲಿ ಬೆಶ್ ಅಂದರೆ ಐದು, ಕೋಜೋನ್ ಅಂದರೆ ಆ ಬಾಣಲೆ. ಜನಜಂಗುಳಿ ಇರುತ್ತದೆ, ಇರಲಿ. ಕೂರುವ ಮುಂಚೆ ಬಾಣಲೆಗಳ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ, ಯಾರೂ ಬೈಯುವುದಿಲ್ಲ. ಅಡುಗೆಯವನು ಸಟ್ಟುಗದಲ್ಲಿ ಅಂಚಿನಿಂದ ಅನ್ನ ಎಳೆದು ಲಗನ್ ಅನ್ನುವ ಅಗಲ ತಟ್ಟೆಗೆ ಸುರಿದು, ಪಕ್ಕದ ಹಲಗೆಯ ಮೇಲೆ ಮಾಂಸವನ್ನು ಟಕಟಕ ಅಂತ ಕೊಚ್ಚಿ, ಮೇಲೆ ಉದುರಿಸಿ ಕಳಿಸುತ್ತಾನೆ. ಅನ್ನ ಎಣ್ಣೆಯಲ್ಲಿ ಹೊಳೆಯುತ್ತಿರುತ್ತದೆ. ಕಡ್ಡಿ ಕಡ್ಡಿಯಾಗಿ ಹೆಚ್ಚಿದ ಹಳದಿ ಕ್ಯಾರೆಟ್, ಕಡಲೆಕಾಳು, ಒಣದ್ರಾಕ್ಷಿ, ಜೀರಿಗೆ. ಮಸಾಲೆ ಅಂತ ಹೆಚ್ಚುಕಮ್ಮಿ ಇಷ್ಟೇ. ಚಕ್ಕೆ ಲವಂಗ ಇಲ್ಲ, ಪುದೀನ ಇಲ್ಲ, ಹಸಿಮೆಣಸಿನಕಾಯಿ ಅರೆದು ಹಾಕುವುದಂತೂ ಇಲ್ಲವೇ ಇಲ್ಲ. ದೊನ್ನೆ ಬಿರಿಯಾನಿ ಮನಸ್ಸಲ್ಲಿಟ್ಟುಕೊಂಡು ಹೋದರೆ ಮೊದಲ ತುತ್ತಿಗೇ ಸಪ್ಪೆ ಅನಿಸುತ್ತದೆ. ನನಗೂ ಹಾಗೇ ಆಗಿತ್ತು. ಮೂರನೇ ಸಲಕ್ಕೆ ಆ ಕ್ಯಾರೆಟ್ಟಿನ ಸಿಹಿ ನಾಲಿಗೆಗೆ ಹತ್ತಿತು, ಈಗ ಗುರುವಾರ ಬಂದರೆ ಕಾಲು ಆ ಕಡೆಗೇ ಎಳೆಯುತ್ತದೆ. ಗುರುವಾರ, ಭಾನುವಾರ ಇಲ್ಲಿ ಓಶ್ ದಿನ. ಸಮರ್ಕಂದ್‌ಗೆ ಹೋದರೆ ಅಲ್ಲಿಯದನ್ನೂ ತಿನ್ನಿ, ಅಲ್ಲಿ ಕಲಸುವುದಿಲ್ಲ, ಅನ್ನ, ಕ್ಯಾರೆಟ್, ಮಾಂಸ ಪದರ ಪದರವಾಗಿಯೇ ಬರುತ್ತದೆ. ಯಾವ ಊರಿನದು ಚೆನ್ನ ಅಂತ ಮಾತ್ರ ಆಫೀಸಿನಲ್ಲಿ ಕೇಳಬೇಡಿ, ಅವತ್ತು ಯಾರೂ ಕೆಲಸ ಮಾಡುವುದಿಲ್ಲ. ಯುನೆಸ್ಕೊ 2016ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ ಅಡುಗೆ, ಜಗಳ ಆಡದೆ ಇರುತ್ತಾರಾ?

ಜೊತೆಗೆ ಅಚ್ಚಿಚುಕ್ ತೆಗೆದುಕೊಳ್ಳಲೇಬೇಕು. ತೆಳ್ಳಗೆ ಹೆಚ್ಚಿದ ಟೊಮೆಟೊ, ಈರುಳ್ಳಿ, ಉಪ್ಪು, ಕೆಲವು ಕಡೆ ಒಂದಿಷ್ಟು ಮೆಣಸಿನಕಾಯಿ. ಅಷ್ಟು ಜಿಡ್ಡು ಇಳಿಯುವುದೇ ಇದರಿಂದ.

ಮಾಂಸದ ವಿಷಯ ಮೊದಲೇ ತಿಳಿದುಕೊಂಡಿರಿ. ಕೊಯ್ ಅಂದರೆ ಕುರಿ, ಮೋಲ್ ಅಂದರೆ ದನ, ಓಶ್‌ಗೆ ಎರಡನ್ನೂ ಹಾಕುತ್ತಾರೆ. ಮೇಲೆ ದುಂಡಗೆ ಕತ್ತರಿಸಿಟ್ಟ ಕಪ್ಪು ಬಿಲ್ಲೆ ಕಂಡರೆ ಅದು ಕಾಜಿ, ಕುದುರೆ ಮಾಂಸದ್ದು. ಬೇಡ ಅಂದರೆ ಹಾಕುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ. ನಾನು ಒಂದು ಸಲ ತಿಂದಿದ್ದೇನೆ, ಸಾಕು.

ಸಸ್ಯಾಹಾರಿಗಳೇ, ನಿಮಗೆ ಕಷ್ಟ ಇದೆ, ಸುಳ್ಳು ಹೇಳುವುದಿಲ್ಲ. ಹಿಂದಿ ನಂಬಿಕೊಂಡು "ಸಬ್ಜಿ" ಅಂತ ಕೇಳಬೇಡಿ. ಇಲ್ಲಿ ಸಬ್ಜಿ ಅಂದರೆ ಕ್ಯಾರೆಟ್! "ಗೋಶ್ತ್‌ಸಿಜ್ ಬೊರ್ಮಿ" ಅಂತ ಕೇಳಿ, ಮಾಂಸ ಇಲ್ಲದ್ದು ಇದೆಯಾ ಅಂತ. ಬೊರ್ ಅಂದರೆ ಇದೆ, ಯೋಕ್ ಅಂದರೆ ಇಲ್ಲ. ಆದರೂ ಹುಷಾರು. ನಮ್ಮ ಮನೆಗೆ ಬಂದಿದ್ದ ಸ್ನೇಹಿತರಿಗೆ ಒಂದು ಹೋಟೆಲ್‌ನಲ್ಲಿ "ಮಾಂಸ ಇಲ್ಲ" ಅಂತಲೇ ಸೂಪ್ ತಂದಿಟ್ಟರು, ಚಮಚ ಅದ್ದಿದರೆ ತಳದಲ್ಲಿ ಮೂಳೆ. ತುಂಡು ತೆಗೆದಿದ್ದಾರೆ, ಸಾರು ಅದೇ. ಪಾಪ, ಅವರು ಅವತ್ತು ಬರೀ ನಾನ್ ತಿಂದು ಎದ್ದರು. ಮೋಶ್‌ಖೂರ್ದಾ ಅನ್ನುವ ಸೂಪ್‌ನಲ್ಲಿ ಹೆಸರುಕಾಳು, ಅಕ್ಕಿ ಕಂಡು ಪೊಂಗಲ್ ಅಂದುಕೊಳ್ಳಬೇಡಿ, ಅದರಲ್ಲೂ ಸಾಮಾನ್ಯವಾಗಿ ಮಾಂಸ ಇರುತ್ತದೆ. ಕುಂಬಳಕಾಯಿ ಸೋಮ್ಸಾ, ಕುಂಬಳಕಾಯಿ ಮಾಂತಿ ಕೇಳಿ. ಸೋಮ್ಸಾ ನಮ್ಮ ಸಮೋಸಾದ ನೆಂಟನೇ, ಆದರೆ ಕರಿಯುವುದಿಲ್ಲ, ತಂದೂರಿನ ಗೋಡೆಗೆ ಅಂಟಿಸಿ ಸುಡುತ್ತಾರೆ. ಮಾಂತಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ಥರ. ಕೆಲವರು ಕುಂಬಳಕಾಯಿ ಜೊತೆ ಕುರಿ ಕೊಬ್ಬನ್ನೂ ಸೇರಿಸುತ್ತಾರೆ, ಅದನ್ನೂ ಕೇಳಿಯೇ ತಿನ್ನಿ.

ಖಾರ ಇಲ್ಲದೆ ನಾಲಿಗೆ ಸತ್ತುಹೋಗಿದೆ ಅನ್ನುವವರು ಚೋರ್ಸು ಮಾರುಕಟ್ಟೆಗೆ ಹೋಗಿ ಕೊರಿಯನ್ ಕ್ಯಾರೆಟ್ ಸಲಾಡ್ ತನ್ನಿ. ಸ್ಟಾಲಿನ್ 1937ರಲ್ಲಿ ಸೋವಿಯತ್ ಒಕ್ಕೂಟದ ದೂರದ ಪೂರ್ವದಿಂದ ಇಲ್ಲಿಗೆ ಗಡೀಪಾರು ಮಾಡಿದ ಕೊರಿಯನ್ನರ ಕೈರುಚಿ ಅದು. ಬೆಳ್ಳುಳ್ಳಿ, ವಿನೆಗರ್, ಕೆಂಪು ಮೆಣಸು, ಕೊತ್ತಂಬರಿ ಬೀಜ. ಬಿಸಿ ಅನ್ನ ಮೊಸರಿನ ಜೊತೆ ನೆಂಚಿಕೊಂಡರೆ ಉಪ್ಪಿನಕಾಯಿ ಲೆಕ್ಕ.

ನಾನ್ ಅನ್ನು ಕೈಯಲ್ಲೇ ಮುರಿಯಬೇಕು, ಚಾಕು ಹಾಕಬಾರದು. ಬೋರಲು ಮಾತ್ರ ಇಡಬೇಡಿ, ಹಿರಿಯರು ನೋಡಿದರೆ ಏನೂ ಹೇಳದೆ ಸುಮ್ನೆ ತಿರುಗಿಸಿ ಇಡುತ್ತಾರೆ, ನಾಚಿಕೆ ಆಗುವುದು ನಮಗೇ.

ಕುಡಿಯಲು ಬಿಸಿ ಕೋಕ್ ಚೊಯ್, ಹಸಿರು ಚಹಾ. ಓಶ್ ಮೇಲೆ ತಣ್ಣೀರು ಕುಡಿದರೆ ಕೊಬ್ಬು ಹೊಟ್ಟೆಯಲ್ಲೇ ಹೆಪ್ಪುಗಟ್ಟುತ್ತದೆ ಅಂತ ಇವರ ನಂಬಿಕೆ, ನಮ್ಮಜ್ಜಿಯೂ ತುಪ್ಪದ ಬಗ್ಗೆ ಇದನ್ನೇ ಹೇಳುತ್ತಿದ್ದರು. ಚಹಾವನ್ನು ಬಟ್ಟಲಿಗೆ ಹೊಯ್ದು ಮತ್ತೆ ಕುಡಿಕೆಗೇ ಸುರಿಯುತ್ತಾರೆ, ಮೂರು ಸಲ. ಆಮೇಲೆ ನಿಮಗೆ ಅರ್ಧ ಬಟ್ಟಲು ಕೊಟ್ಟರೆ ಬೈ-ಟು ಅಂದುಕೊಳ್ಳಬೇಡಿ, ಅದು ಮರ್ಯಾದೆ. ಮತ್ತೆ ಮತ್ತೆ ಹಾಕಿಕೊಡುವ ನೆಪ. ತುಂಬಿಸಿ ಕೊಟ್ಟರೆ ಎದ್ದು ಹೊರಡಿ ಅಂತ ಅರ್ಥ.

ಇನ್ನೊಂದು, ಬಡಿಸುವ ಹೆಣ್ಣುಮಗಳನ್ನು "ಅಕ್ಕಾ" ಅಂತ ಕರೆದುಬಿಡುತ್ತೀರಿ, ಅಭ್ಯಾಸ ಅಲ್ವಾ. ಇಲ್ಲಿ ಅಕಾ ಅಂದರೆ ಅಣ್ಣ! ಅಕ್ಕನಿಗೆ ಓಪಾ ಅನ್ನಬೇಕು. ಬಿಲ್ ಬಂದಾಗ ಸಾವಿರಗಳಲ್ಲಿ ಸೋಮ್, ಅಂದರೆ ಇಲ್ಲಿಯ ದುಡ್ಡು, ನೋಡಿ ಎದೆ ಒಡೆದುಕೊಳ್ಳಬೇಡಿ, ಆದರೆ ಕೆಳಗಿನ ಸಾಲು ಓದಿ. ಸರ್ವಿಸ್ ಅಂತ ನೂರಕ್ಕೆ 10, 15 ಸೇರಿಸಿರುತ್ತಾರೆ, ಕೆಲವು ಕಡೆ ಇನ್ನೂ ಜಾಸ್ತಿ. ನಾನ್‌ಗೂ ಚಹಾಗೂ ಬೇರೆ ಬೇರೆ ದುಡ್ಡು. ಟಿಪ್ಸ್ ಬೇರೆ ಇಡುವ ಅಗತ್ಯ ಇಲ್ಲ.

ಆಫೀಸಿನವರೋ ಪಕ್ಕದ ಮನೆಯವರೋ ಮದುವೆ ಓಶ್‌ಗೆ ಕರೆದರೆ ಮಾತ್ರ ತಪ್ಪಿಸಬೇಡಿ. ಹೋಟೆಲ್‌ನದೆಲ್ಲ ಅದರ ಮುಂದೆ ಏನೂ ಅಲ್ಲ. ಹಳೆಯ ಪದ್ಧತಿಯಲ್ಲಿ ಅದು ಗಂಡಸರ ಊಟ, ಬೆಳಗಿನ ನಮಾಜ್ ಆದ ಕೂಡಲೇ ಶುರು, ಎಂಟಕ್ಕೆಲ್ಲ ಜನ ತಿಂದು ಕೆಲಸಕ್ಕೆ ಹೊರಟಿರುತ್ತಾರೆ. ಹಿಂದಿನ ರಾತ್ರಿ ಊಟ ಕಮ್ಮಿ ಮಾಡಿ, ಐದಕ್ಕೆ ಅಲಾರಂ ಇಟ್ಟುಕೊಳ್ಳಿ.